ಕುಂಟ ಕೊಕ್ಕರೆ ಮತ್ತು ಚಿನ್ನದ ತಲೆಪಟ್ಟಿ

"ಹೋಯ್ತು! ಪೆಟ್ಟಿಗೆ ಖಾಲಿ!"

ಮೇಲಿನ ಮಹಡಿಯಿಂದ ಅತಿಥಿ ಫ್ರೌಕ್ಯ ಅವರ ಕೂಗು ಕೇಳಿದಾಗ ನನ್ನ ಕೈಯಲ್ಲಿ ಬೇಯಿಸಿದ ಮೊಟ್ಟೆಗಳ ಬಟ್ಟಲಿತ್ತು. ಬಟ್ಟಲು ಬೀಳಲಿಲ್ಲ. ಸಿನಿಮಾದಲ್ಲಾಗಿದ್ದರೆ ಬೀಳುತ್ತಿತ್ತು. ಅದೂ ಸ್ಲೋ ಮೋಷನ್‌ನಲ್ಲಿ.

ಶನಿವಾರದ ಬೆಳಗ್ಗೆ. ತಿಂಡಿಯ ಮೇಜಿನ ಸುತ್ತ ಉಳಿದ ಮೂವರು ಅತಿಥಿಗಳು ಕೂತಿದ್ದರು. ಮೂವರೂ ಮೊದಲು ಮಹಡಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು.

"ಎಲ್ರೂ ನನ್ನನ್ನೇ ಯಾಕೆ ನೋಡ್ತಿದೀರಾ?" ಎಂದೆ.

"ಮೊನ್ನೆ ನನ್ನ ಟೋಪಿ ಕಾಣೆಯಾದಾಗ್ಲೂ ನೀನು ಹಿಂಗೇ ಕೇಳಿದ್ದೆ," ಎಂದರು ಅವರಲ್ಲೊಬ್ಬರು, ಯೊರಿತ್.

ಮಾತು ನ್ಯಾಯವಾದದ್ದೇ. ಟೋಪಿ ಆಮೇಲೆ ಸೇತುವೆಯ ಮೇಲಿನ ಕಲ್ಲಿನ ಸಂತನ ತಲೆಯಲ್ಲಿ ಸಿಕ್ಕಿತ್ತು. ಸಂತನಿಗೆ ಚೆನ್ನಾಗಿಯೇ ಒಪ್ಪಿತ್ತು.

ನನ್ನ ಹೆಸರು ವಾನೆಸ್. ಗೆಂಟ್‌ನ ಕಾಲುವೆಗಳಲ್ಲಿ ಪ್ರವಾಸಿಗರ ದೋಣಿಯ ಗೈಡು. ಇತಿಹಾಸ ಗೊತ್ತಿರುವಷ್ಟು ದೂರ ಇತಿಹಾಸ ಹೇಳುತ್ತೇನೆ. ಗೊತ್ತಿಲ್ಲದ ಕಡೆ ಒಬ್ಬ ವಿಲನ್ನನ್ನು ತರುತ್ತೇನೆ. ವಾಸ, ಗೋದಲೀವ ಅತ್ತೆಯ ಅತಿಥಿಗೃಹದ ಅಟ್ಟದಲ್ಲಿ. ಅತ್ತೆ ನಮ್ಮಪ್ಪನ ಅಕ್ಕ. ನಿವೃತ್ತಿಯಾಗುವವರೆಗೂ ವಿಮಾ ಕಂಪನಿಯೊಂದರಲ್ಲಿದ್ದರು. "ಹೊಸ ಕಾರು ತಾನಾಗೇ ಕಾಲುವೆಗೆ ಇಳೀತು ಸಾರ್" ಎಂದು ಅಳುತ್ತಾ ಬರುವವರನ್ನು ಕೂರಿಸಿ, ಕಾಫಿ ಕೊಟ್ಟು, ನಿಜ ಹೊರಡಿಸುವುದೇ ಅವರ ಕೆಲಸವಾಗಿತ್ತು.

ನಾವೆಲ್ಲ ಮೇಲಕ್ಕೆ ಓಡಿದೆವು. ಮೆಟ್ಟಿಲ ತಿರುವಿನಲ್ಲಿ ಅತ್ತೆಯ ಮಾವನವರ ತಲೆಯ ಗಾರೆ ಪ್ರತಿಮೆ ಇದೆ. ಚಳಿಗಾಲದಲ್ಲಿ ಅದಕ್ಕೆ ನಾನು ನಮ್ಮೂರ ಫುಟ್‌ಬಾಲ್ ತಂಡದ ನೀಲಿ-ಬಿಳಿ ಉಣ್ಣೆ ಟೋಪಿ ಹಾಕಿದ್ದೆ. ಅತ್ತೆ ಅದನ್ನು ತೆಗೆದಿರಲಿಲ್ಲ. ದಿನಾ ಹತ್ತುವಾಗ ಇಳಿಯುವಾಗ ತಾತನ ತಲೆಗೆ ಒಂದು ತಟ್ಟು ತಟ್ಟುವುದು ನನ್ನ ಅಭ್ಯಾಸ. ಅವತ್ತು ತಟ್ಟುವ ಮನಸ್ಸಿರಲಿಲ್ಲ.

ಫ್ರೌಕ್ಯ ಹಾಸಿಗೆಯ ಮೇಲೆ ಕೂತಿದ್ದರು. ಅರವತ್ತರ ಹೆಂಗಸು, ಗಡಿಯಾಚೆ ಡಚ್ಚರ ನಾಡಿನ ಲೇವಾರ್ಡನ್ ಊರಿನ ಸಂಗೀತದ ಟೀಚರು. ತೊಡೆಯ ಮೇಲೆ ಮರದ ಪೆಟ್ಟಿಗೆ. ಒಳಗೆ ಮಖಮಲ್ಲಿನಲ್ಲಿ ತಲೆಯಾಕಾರದ ಗುಳಿ. ಗುಳಿಯಲ್ಲಿ ಏನೂ ಇಲ್ಲ.

"ಅಮ್ಮನ ತಲೆಪಟ್ಟಿ," ಎಂದರು ಸಣ್ಣಗೆ.

ಅವರ ಸೀಮೆಯ ಹೆಂಗಸರು ಹಿಂದೆ ಹಬ್ಬ ಮದುವೆಗಳಲ್ಲಿ ಹಾಕುತ್ತಿದ್ದ ಒಡವೆ ಅದು. ಈ ಕಿವಿಯಿಂದ ಆ ಕಿವಿಯವರೆಗೆ ಬುರುಡೆಯನ್ನು ಅಪ್ಪಿ ಕೂರುವ ಚಿನ್ನದ ತಗಡು. ಅದರ ಮೇಲೆ ಲೇಸಿನ ಟೋಪಿ. ಗುರುವಾರ ಬಂದ ದಿನವೇ ಫ್ರೌಕ್ಯ ನಮಗೆಲ್ಲ ತೋರಿಸಿದ್ದರು. ನಾನು ಕೈಗೆ ತೆಗೆದುಕೊಂಡು, "ಇದನ್ನ ಹಾಕ್ಕೊಂಡ ರಾಣಿ ಯುದ್ಧಕ್ಕೆ ಹೊರಟರೆ ಎದುರಾಳಿ ಕಣ್ಣು ಮುಚ್ಕೊಂಡು ಶರಣಾಗ್ಬೇಕು!" ಎಂದು ಡೈಲಾಗು ಹೊಡೆದಿದ್ದೆ. ಈಗ ಆ ಡೈಲಾಗು ನನಗೇ ತಿರುಗಿ ಬಂತು.

"ಕೈಗೆ ತಗೊಂಡು ಕುಣಿದೋನು ಇವನೊಬ್ನೇ," ಎಂದರು ಫ್ರೌಕ್ಯರ ತಮ್ಮ ದೌವ. ಎತ್ತರದ ಆಳು, ದಪ್ಪ ಕುತ್ತಿಗೆ, ದೊಡ್ಡ ಗಂಟಲು. "ಲೇ ತಮ್ಮಾ, ತಮಾಷೆ ಸಾಕು. ಎಲ್ಲಿಟ್ಟಿದೀಯಾ? ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕಸಾಲಿಗನ ಹತ್ರ ಹೋಗ್ಬೇಕು ನಾವು."

"ನಾನು ತಗೊಂಡಿಲ್ಲ."

"ಸಂತನ ತಲೆ ಮೇಲೆ ಇಟ್ಟಿದೀಯೇನೋ?"

"ಸಾರ್, ನಾನು ತಗೊಂಡಿಲ್ಲ!"

ಸುಳ್ಳು ಹೇಳುವಾಗ ನನ್ನ ಮುಖದಲ್ಲಿ ಎಷ್ಟು ಚಂದದ ಪ್ರಾಮಾಣಿಕತೆ ಬರುತ್ತದೆ! ನಿಜ ಹೇಳಿದಾಗ ಮಾತ್ರ ಕಿವಿ ಕೆಂಪಾಯಿತು.

ಅಕ್ಕಸಾಲಿಗನ ವಿಷಯ ಹೇಳಬೇಕು. ಗುರುವಾರ ಹಬ್ಬದ ರಜೆ, ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ. ಎಲ್ಲರ ಹಾಗೆ ಇವರೂ ಊರು ನೋಡಲು ಬಂದವರೇ. ಆದರೆ ಅದರ ಜೊತೆ ಇನ್ನೊಂದು ಕೆಲಸವೂ ಇತ್ತು. ತಲೆಪಟ್ಟಿಯನ್ನು ಸರಿಯಾಗಿ ಎರಡು ಹೋಳು ಮಾಡಿಸುವುದು. ಒಂದು ಅಕ್ಕನಿಗೆ, ಒಂದು ತಮ್ಮನಿಗೆ. ಲೇವಾರ್ಡನ್‌ನಲ್ಲಿ ಒಬ್ಬ ಅಕ್ಕಸಾಲಿಗನೂ ಅದಕ್ಕೆ ಗರಗಸ ಹಚ್ಚಲು ಒಪ್ಪಿರಲಿಲ್ಲ. ನಮ್ಮೂರಿನವನು ಒಪ್ಪಿದ್ದ. ಶನಿವಾರ ಮಧ್ಯಾಹ್ನದ ಮೇಲೆ ಅವನೂ ಅಂಗಡಿ ಮುಚ್ಚಿ ಎರಡು ವಾರ ರಜೆಗೆ ಹೊರಡುವವನಿದ್ದ. ಹೋಟೆಲಿನ ಬಿಲ್ಲನ್ನು ಡಚ್ಚರು ಅರ್ಧರ್ಧ ಮಾಡುವುದು ನಮಗೆ ಹಳೆಯ ತಮಾಷೆ. ಅಮ್ಮನ ಒಡವೆಯನ್ನೂ ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

"ಪೊಲೀಸ್‌ಗೆ ಫೋನ್ ಮಾಡ್ತೀನಿ," ಎಂದರು ದೌವ. "ಇವನ ಹೆಸರೇ ಬರೆಸ್ತೀನಿ."

ಗೈಡಿನ ಮೇಲೆ ಕಳ್ಳತನದ ದೂರು ಬಂದರೆ ಮೊದಲು ಕೋಟಿನ ಮೇಲಿನ ಬ್ಯಾಡ್ಜು ಕಿತ್ತುಕೊಳ್ಳುತ್ತಾರೆ; ವಿಚಾರಣೆ ಆಮೇಲೆ. ಬ್ಯಾಡ್ಜಿಲ್ಲದಿದ್ದರೆ ದೋಣಿಯಿಲ್ಲ. ದೋಣಿಯಲ್ಲದೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಏಪ್ರನ್ನಿಗೆ ಕೈ ಒರೆಸಿಕೊಂಡರು. "ಎರಡು ಗಂಟೆ ತನಕ ಟೈಮ್ ಕೊಡಿ. ಸಿಗ್ಲಿಲ್ಲಾಂದ್ರೆ ನಾನೇ ಪೊಲೀಸ್‌ನ ಕರೀತೀನಿ."

"ಎರಡು ಗಂಟೆಗೆ ಅಕ್ಕಸಾಲಿಗ ಹೋಗಿರ್ತಾನೆ!"

"ವಸ್ತು ಇಲ್ದೆ ಅಕ್ಕಸಾಲಿಗನ ಹತ್ರ ಹೋಗಿ ಏನ್ಮಾಡ್ತೀರಿ? ಅವನ ಗರಗಸ ನೋಡ್ಕೊಂಡು ಬರ್ತೀರಾ?"

ಫ್ರೌಕ್ಯ ತಲೆಯಾಡಿಸಿದರು. ಎರಡು ಗಂಟೆಯೆಂದು ತೀರ್ಮಾನವಾಯಿತು.

ಕೆಳಗೆ ನಡುಮನೆಯಲ್ಲಿ ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಲೋ, ಒಂದೇ ಸಲ ಕೇಳ್ತೀನಿ. ನೀನಾ?"

"ಅಲ್ಲ ಅತ್ತೆ."

"ಆಣೆ ಪ್ರಮಾಣ ಬೇಡ. ಡೈಲಾಗೂ ಬೇಡ."

"ಅಲ್ಲ."

"ಸರಿ. ಕೋಟ್ ತಗೋ, ಆಮೇಲೆ ಹೊರಗೆ ಹೋಗೋದಿದೆ."

ಕೋಟುಗಳ ಕೆಳಗೆ ಶೂಗಳ ಸಾಲು. ಮರದ ಮೆಟ್ಟಿಲು ಹಾಳಾಗುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರೂ ಶೂ ಅಲ್ಲೇ ಬಿಡಬೇಕು. ಪಕ್ಕದ ಬೆಂಚಿನಡಿ ಹಳೇ ಪೇಪರಿನ ಕಟ್ಟು. ಒದ್ದೆಯಾದ ಶೂಗೆ ಪೇಪರ್ ಉಂಡೆ ಮಾಡಿ ತುರುಕಿಟ್ಟರೆ ಬೆಳಗ್ಗೆಯಷ್ಟರಲ್ಲಿ ಒಣಗುತ್ತದೆ. ಹಿಂದಿನ ಸಂಜೆ ಮಳೆಯಲ್ಲಿ ನೆಂದ ನನ್ನ ಎರಡೂ ಶೂ ಪೇಪರ್ ತಿಂದು ಕೂತಿದ್ದವು. ಅತಿಥಿಗಳ ಸಾಲಿನಲ್ಲಿ ಒಂದೇ ಒಂದು ಶೂಗೆ ಪೇಪರ್ ತುರುಕಿತ್ತು. ಕಂದು ಬಣ್ಣದ್ದು, ಎಡಗಾಲಿನದು. ಅದರ ಜೊತೆಯ ಬಲಗಾಲಿನದು ಖಾಲಿ.

"ನೋಡಿ ಅತ್ತೆ, ಡಚ್ಚರ ಜಿಪುಣತನ!" ಎಂದೆ. "ಪುಕ್ಕಟೆ ಪೇಪರ್‌ನಲ್ಲೂ ಉಳಿತಾಯ. ಒಂದು ಜೊತೆಗೆ ಒಂದೇ ಉಂಡೆ!"

ಅತ್ತೆ ನಗಲಿಲ್ಲ. ಬಗ್ಗಿ ಆ ಶೂವನ್ನು ನೋಡಿದರು. ಖಾಲಿ ಇದ್ದದ್ದರೊಳಗೂ ಕೈ ಹಾಕಿ ನೋಡಿದರು. ಎದ್ದು, "ಫ್ರೌಕ್ಯ ಅವರನ್ನ ಮೊದಲು ಕರಿ," ಎಂದರು.

*

ಅಡುಗೆಮನೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಕಾಫಿ. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ.

"ಕೊನೇ ಸಲ ಯಾವಾಗ ನೋಡಿದ್ರಿ?"

"ನಿನ್ನೆ ಸಂಜೆ, ಎಲ್ರೂ ಕುಂಟ ಕೊಕ್ಕರೆಗೆ ಹೊರಡೋ ಮುಂಚೆ," ಎಂದರು ಫ್ರೌಕ್ಯ. "ಪೆಟ್ಟಿಗೆ ಮುಚ್ಚಿ, ರೂಮಿಗೆ ಬೀಗ ಹಾಕಿ, ಕೀ ಕೆಳಗೆ ಹಲಗೆಗೆ ನೇತುಹಾಕ್ದೆ."

"ವಾಪಸ್ ಬಂದ್ಮೇಲೆ?"

"ಮಲಗಿಬಿಟ್ಟೆ. ಬೆಳಗ್ಗೆ ತೆಗೆದ್ರೆ ಖಾಲಿ."

ಕುಂಟ ಕೊಕ್ಕರೆ ನಮ್ಮ ಓಣಿಯಿಂದ ಮೂರು ಓಣಿ ಆಚೆಯ ಹಳೇ ಬಿಯರ್ ಅಂಗಡಿ. ಅಲ್ಲಿ ಮಾತ್ರ ಸಿಗುವ ಕಪ್ಪು ಬಿಯರನ್ನು ಮೊಣಕೈಯುದ್ದದ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಗಾಜನ್ನು ಪ್ರವಾಸಿಗರು ಕದಿಯುತ್ತಾರೆಂದು ಒಂದು ಹಳೇ ಕಾಯಿದೆ: ಗಾಜು ಬೇಕಾದರೆ ಬಲಗಾಲಿನ ಶೂ ಬಿಚ್ಚಿ ಕೊಡಬೇಕು. ಶೂಗಳು ಬುಟ್ಟಿಗೆ, ಬುಟ್ಟಿ ಹಗ್ಗದಲ್ಲಿ ಸೀದಾ ಮಾಡಿಗೆ. ಗಾಜು ಹಿಂದೆ ಬಂದ ಮೇಲೇ ಬುಟ್ಟಿ ಇಳಿಯುವುದು. ಅಲ್ಲಿಯವರೆಗೆ ಎಲ್ಲರೂ ಒಂಟಿ ಕಾಲಿನ ಕೊಕ್ಕರೆಗಳೇ.

"ನಾನು ಕುಡಿಯಲ್ಲ," ಎಂದರು ಫ್ರೌಕ್ಯ. "ಕುರ್ಚಿ ಬಿಟ್ಟು ಎದ್ದಿಲ್ಲ. ಉಳಿದ ಮೂವರ ಶೂನೂ ಬುಟ್ಟೀಲಿತ್ತು. ಹೊರಗೆ ಜೋರು ಮಳೆ. ಅಂಥಾದ್ರಲ್ಲಿ ಹೊರಗೆ ಹೋಗಿದ್ದು…" ನನ್ನ ಕಡೆ ನೋಡಿ ನಿಲ್ಲಿಸಿದರು.

"ನಾನು," ಎಂದೆ. "ನಾನೂ ಗಾಜು ತಗೊಂಡಿರ್ಲಿಲ್ಲ, ಎರಡೂ ಶೂ ಕಾಲಲ್ಲೇ ಇತ್ತು. ನೀವೇ ಚಳಿ ಅಂದ್ರಲ್ಲ, ಶಾಲು ತರೋಕೆ ಹೋದೆ. ಕೀ ತಗೊಂಡೆ, ಶಾಲು ತಗೊಂಡೆ, ಬೀಗ ಹಾಕ್ದೆ, ಬಂದೆ."

"ಪೆಟ್ಟಿಗೆ?"

"ಅಲ್ಲೇ ಇತ್ತು, ಮುಚ್ಚಿತ್ತು. ಮುಟ್ಟಿಲ್ಲ."

ಹೇಳಿದ ಮೇಲೆ ನನಗೇ ಅರ್ಥವಾಯಿತು. ಯಾವ ಸಿನಿಮಾದಲ್ಲಿ ನೋಡಿದರೂ ಇಂಥ ಸಾಕ್ಷ್ಯದ ಮುಂದಿನ ಸೀನು ಜೈಲಿನದೇ.

ಅತ್ತೆ ಸಕ್ಕರೆ ಕದಡಿದರು. "ಆ ತಲೆಪಟ್ಟಿ ಕೊನೇ ಸಲ ಹಾಕ್ಕೊಂಡಿದ್ದು ಯಾರು?"

"ಹಿಲ್ಟ್ಯ. ದೌವನ ಹೆಂಡತಿ. ಅವರ ಮದುವೇಲಿ. ಅಮ್ಮನೇ ಕೈಯಾರೆ ಹಾಕಿದ್ಲು. ನಾನಂತೂ ಮದುವೇನೇ ಆಗ್ಲಿಲ್ವಲ್ಲ."

ಆಮೇಲೆ ದೌವ ಬಂದರು. ಕೂರಲಿಲ್ಲ.

"ಎರಡು ಹೋಳು ಮಾಡ್ಸೋದು ಯಾರ ಯೋಚನೆ?"

"ನಂದೇ. ಅಮ್ಮ ಹೋದಾಗಿಂದ ಅದೇ ಕಿರಿಕಿರಿ. ಅಕ್ಕನ ಹತ್ರ ಇದ್ರೆ ನಂಗೆ ಬೇಜಾರು. ನನ್ನ ಹತ್ರ ಇದ್ರೆ ಅಕ್ಕಂಗೆ ಮುಖ ಊದುತ್ತೆ. ಅರ್ಧರ್ಧ ಆದ್ರೆ ಮುಗೀತಲ್ಲ?"

"ಅರ್ಧ ತಲೆಪಟ್ಟಿ ಯಾರ ತಲೆಗೆ ಕೂರುತ್ತೆ ಸಾರ್?" ನನ್ನ ಬಾಯಿ ಸುಮ್ಮನಿರಲಿಲ್ಲ.

"ನೀನು ಮುಚ್ಚು! ಮೇಡಂ, ನನ್ನ ಶೂ ಮಾಡಿನಲ್ಲಿ ನೇತಾಡ್ತಿತ್ತು. ಒಂಟಿ ಶೂನಲ್ಲಿ ಆ ಮಳೇಲಿ ನಾನೆಲ್ಲಿಗೆ ಹೋಗ್ಲಿ? ಇವನನ್ನ ಕೇಳಿ."

"ಟಾಯ್ಲೆಟ್‌ಗೂ ಹೋಗ್ಲಿಲ್ವಾ?"

"ಒಂದ್ಸಲ ಹೋದೆ. ಅದೇನು ಕಳ್ಳತನಾನಾ?"

ಮೂರನೆಯವರು ಯೊರಿತ್. ಫ್ರೌಕ್ಯರ ನೆರೆಮನೆಯವರು, ಹಳೇ ಸಾಮಾನಿನ ಅಂಗಡಿಯವರು. ಉದ್ದ ಎಷ್ಟೆಂದರೆ ಅಡುಗೆಮನೆ ಬಾಗಿಲಲ್ಲಿ ಬಗ್ಗಿ ಬರಬೇಕು.

"ನಂಗೆ ಆ ಒಡವೆ ಮೇಲೆ ಆಸೆ ಇತ್ತು. ಸುಳ್ಳು ಹೇಳಲ್ಲ," ಎಂದರು. "ಕೊಡಿ ಅಂತ ಎಷ್ಟೋ ಸಲ ಕೇಳಿದೀನಿ. ಆದ್ರೆ ಕದಿಯೋದಾ? ಕದ್ದ ತಲೆಪಟ್ಟಿ ನನ್ನ ಅಂಗಡಿ ಕಿಟಕೀಲಿ ಇಡೋಕಾಗುತ್ತಾ?"

"ನಿನ್ನೆ ಎಷ್ಟು ಹೊತ್ತು ಟಾಯ್ಲೆಟ್‌ನಲ್ಲಿದ್ರಿ?"

ಯೊರಿತ್ ಕೆಂಪಾದರು. "ಅದು… ಮಸ್ಸಲ್ಸ್ ಚಿಪ್ಪುಮೀನು ಜಾಸ್ತಿ ತಿಂದಿದ್ದೆ. ಹೊರಗೆ ನಿಂತೋರು ಬಾಗಿಲು ಬಡೀತಿದ್ರು. ಅವರನ್ನೇ ಕೇಳಿ."

"ವಾನೆಸ್ ತಗೊಂಡಿರ್ಬೋದಾ?"

"ತಗೊಂಡಿದ್ರೂ ತಗೊಂಡಿರ್ಬೋದು. ಈ ಊರಿಗೆ ಬಂದೋರು ಗಡಿಯಾರ ಗೋಪುರದ ತುದೀಲಿರೋ ಡ್ರ್ಯಾಗನ್‌ಗೆ ಸಲ್ಯೂಟ್ ಹೊಡೀಬೇಕು, ಇಲ್ಲಾಂದ್ರೆ ದಂಡ ಹಾಕ್ತಾರೆ ಅಂದ. ನಡು ಚೌಕದಲ್ಲಿ ಹೊಡೆದೆ ಮೇಡಂ. ಮೂರು ಸಲ! ಶಾಲೆ ಮಕ್ಕಳು ಫೋಟೋ ತೆಗೆದ್ರು."

ಅತ್ತೆ ನನ್ನ ಕಡೆ ನೋಡಿದರು. ನಾನು ಸ್ಟೂಲಿನ ಕಾಲು ನೋಡಿದೆ.

ಕೊನೆಗೆ ಹಿಲ್ಟ್ಯ. ಸಣ್ಣ ಆಳು, ಸಣ್ಣ ದನಿ. ಬಂದಾಗಿನಿಂದ ಅವರು ಹತ್ತು ಮಾತು ಆಡಿದ್ದು ನನಗೆ ನೆನಪಿಲ್ಲ.

"ಟಾಯ್ಲೆಟ್‌ಗೆ ಹೋಗಿದ್ರಾ?"

"ಹೋಗಿದ್ದೆ. ಹೆಂಗಸರ ಸಾಲು ಉದ್ದ ಇತ್ತು."

"ತಲೆಪಟ್ಟಿ ಹೋಳು ಮಾಡ್ಸೋ ಬಗ್ಗೆ ನೀವೇನಂತೀರಿ?"

"ಅವರಮ್ಮಂದು. ಅವರಿಷ್ಟ."

"ವಾನೆಸ್ ತಗೊಂಡಿರ್ಬೋದಾ?"

"ಇಲ್ಲ. ಆ ಹುಡುಗ ಅಲ್ಲ."

"ಅಷ್ಟು ಖಾತ್ರಿನಾ?"

ಹಿಲ್ಟ್ಯ ಕಾಫಿಯ ಬಟ್ಟಲನ್ನು ತಟ್ಟೆಯ ಮೇಲೆ ಇಟ್ಟರು. "ಮುಖ ನೋಡಿದ್ರೆ ಗೊತ್ತಾಗುತ್ತೆ."

"ನೋಡಿದ್ರಾ ಅತ್ತೆ?" ಅವರು ಹೋದ ಮೇಲೆ ಹೇಳಿದೆ. "ಈ ಮುಖದ ಬೆಲೆ ಗೊತ್ತಿರೋ ಒಬ್ಬ ಪ್ರೇಕ್ಷಕಿ ಆದ್ರೂ ಇದಾರಲ್ಲ!"

"ಹೂಂ," ಎಂದರು ಅತ್ತೆ. "ನಡಿ, ಕೊಕ್ಕರೆಗೆ."

*

ಅಂಗಡಿಯ ಯಜಮಾನ ಫರ್ಮಿನ್ ಆಗ ತಾನೇ ಬಾಗಿಲು ತೆಗೆದು ನೆಲ ಒರೆಸುತ್ತಿದ್ದ. ಬಟ್ಟೆ ಬೀರುವಿನ ಗಾತ್ರದ ಮನುಷ್ಯ. ತಲೆಯ ಮೇಲೆ ಖಾಲಿ ಬುಟ್ಟಿ ತೂಗುತ್ತಿತ್ತು.

"ಏನು ಗೋದಲೀವಕ್ಕ, ಬೆಳಗ್ಗೆನೇ? ಈ ಕೋತಿ ಏನು ಮಾಡ್ತು?"

"ಏನೂ ಮಾಡಿಲ್ಲ ಅಂತಿದೆ. ನಿನ್ನೆ ಬುಟ್ಟಿ ನಡುವೆ ಯಾವಾಗ್ಲಾದ್ರೂ ಇಳಿಸಿದ್ಯಾ?"

"ಇಲ್ಲಕ್ಕ. ನಿಮ್ಮ ಡಚ್ಚರು ಎದ್ದಾಗ ಮಳೆ ನಿಂತಿತ್ತು. ಗಾಜು ಎಣಿಸ್ಕೊಂಡು ಅವಾಗ್ಲೇ ಇಳಿಸಿದ್ದು. ಮುಂದಿನ ಬಾಗಿಲಲ್ಲಿ ಇವನೊಬ್ಬನೇ ಛತ್ರಿ ಹಿಡ್ಕೊಂಡು ಓಡಾಡಿದ್ದು."

ನನ್ನ ಪರ ಬಂದ ಸಾಕ್ಷಿ ನನ್ನನ್ನೇ ಇನ್ನಷ್ಟು ಮುಳುಗಿಸಿತು.

"ಹಿಂದಿನ ಬಾಗಿಲು?"

ಫರ್ಮಿನ್ ಕರೆದುಕೊಂಡು ಹೋದ. ಟಾಯ್ಲೆಟ್ಟಿಗೆ ಉದ್ದನೆಯ ಕಲ್ಲುಹಾಸಿನ ದಾರಿ. ಮೇಲೆ ಗಾಜಿನ ಮಾಡು. ಒಂದು ಹನಿಯೂ ಬೀಳದು. ನೆಲ ತಣ್ಣಗಿರುತ್ತದೆಂದು ಒಂಟಿ ಶೂನವರಿಗಾಗಿ ಗೋಡೆಯ ಪಕ್ಕ ಮರದ ಎಕ್ಕಡಗಳ ಸಾಲು, ಎಲ್ಲ ಬಲಗಾಲಿನವು. ದಾರಿಯ ಕೊನೆಗೆ ಪೀಪಾಯಿ ತರುವ ಬಾಗಿಲು. ಅದಕ್ಕೆ ಚಿಲಕ ಮಾತ್ರ. ಆಚೆ ಹಿಂದಿನ ಓಣಿ, ಮಳೆ ಬಂದರೆ ಪಾದ ಮುಳುಗುವ ಓಣಿ. ಪಕ್ಕದ ಮೊಳೆಯಲ್ಲಿ ಫರ್ಮಿನ್‌ನ ದೊಡ್ಡ ರೇನ್‌ಕೋಟು.

"ಇದೊಂದು ನೋಡಕ್ಕ," ಎಂದ ಫರ್ಮಿನ್. "ರಾತ್ರಿ ಕಸ ಹಾಕೋಕೆ ಹೋಗೋಣ ಅಂತ ತೆಗೆದ್ರೆ ಕೋಟ್ ತೊಪ್ಪೆ. ಯಾವನೋ ಹಾಕ್ಕೊಂಡು ಹೋಗಿ ಬಂದಿದಾನೆ. ಒಂದು ಎಕ್ಕಡಕ್ಕೆ ಕೆಸರು ಬೇರೆ. ನಾನು ಇವನೇ ಏನೋ ನಾಟಕ ಮಾಡಿರ್ಬೇಕು ಅಂದ್ಕೊಂಡೆ."

"ನನ್ನ ಹತ್ರ ಛತ್ರಿ ಇತ್ತಲ್ಲ ಫರ್ಮಿನಣ್ಣ!"

"ನಿಂಗೆ ಕಾರಣ ಬೇಕಾ?"

ಅತ್ತೆ ರೇನ್‌ಕೋಟಿನ ತೋಳು ಹಿಡಿದು ನೋಡಿದರು. ಎರಡೂ ತೋಳುಗಳ ತುದಿ ಒಂದರ ಮೇಲೊಂದು ಮಡಿಸಿತ್ತು.

"ಇದನ್ನ ನೀನು ಮಡಿಸಿದ್ಯಾ?"

"ನಾನ್ಯಾಕೆ ಮಡಿಸ್ಲಿ? ನಂಗೇ ಗಿಡ್ಡ ಅದು."

"ಸರಿ. ಒಂದು ಲೋಟ ನೀರು ಕೊಡು, ಹೊರಡ್ತೀವಿ."

ಹೊರಗೆ ಬಂದಾಗ ಹನ್ನೊಂದು ಹೊಡೆಯುತ್ತಿತ್ತು. ನಾನು ಮನೆಯ ಕಡೆ ತಿರುಗಿದೆ. ಅತ್ತೆ ಚೌಕದ ಕಡೆ ತಿರುಗಿದರು.

"ಅತ್ತೆ, ಮನೆ ಈ ಕಡೆ."

"ಸಾಸಿವೆ ಮುಗಿದಿದೆ."

ಸಾಸಿವೆ ಕೊಂಡರು. ಅಂಗಡಿಯವಳ ಸೊಂಟನೋವಿನ ಕಥೆ ಪೂರ್ತಿ ಕೇಳಿದರು. ಚೌಕದಲ್ಲಿ ನೇರಳೆ ಬಣ್ಣದ ಚೂಪು ಮಿಠಾಯಿ ಕೊಂಡು, ಬೆಂಚಿನ ಮೇಲೆ ಕೂತು ಒಂದನ್ನು ನನ್ನ ಕೈಗೆ ಕೊಟ್ಟರು. ನಾವದನ್ನು ಮೂಗು ಎನ್ನುತ್ತೇವೆ. ಹೊರಗೆ ಗಟ್ಟಿ, ಕಚ್ಚಿದರೆ ಒಳಗೆ ಪಾನಕ.

"ಅತ್ತೆ, ನನ್ನ ಬ್ಯಾಡ್ಜ್ ಹೋಗೋದ್ರಲ್ಲಿದೆ. ನೀವು ಮೂಗು ತಿಂತಿದೀರಾ?"

"ನೀನೂ ತಿನ್ನು."

"ನನ್ನ ಕೈಲಿ ನುಂಗೋಕಾಗ್ತಿಲ್ಲ. ಯಾರು ಅಂತ ಗೊತ್ತಾಯ್ತಾ?"

"ಇಂಟರ್ವಲ್‌ಗೆ ಮುಂಚೇನೇ ವಿಲನ್ ಯಾರು ಅಂತ ಕೇಳೋನು ಎಂಥಾ ಸಿನಿಮಾ ಹುಚ್ಚನೋ?"

ನನ್ನ ಬಾಣ ನನಗೇ. ದೋಣಿಕಟ್ಟೆಯ ಕಡೆಯಿಂದ ನನ್ನ ಗೆಳೆಯನ ದನಿ ಮೈಕಿನಲ್ಲಿ ಬರುತ್ತಿತ್ತು. ನನ್ನ ಸರದಿಯ ದೋಣಿಯನ್ನು ಅವನು ತೆಗೆದುಕೊಂಡು ಹೋಗಿದ್ದ. ನನ್ನ ಜೋಕುಗಳನ್ನೇ ಹೇಳುತ್ತಿದ್ದ, ಅದೂ ತಪ್ಪುತಪ್ಪಾಗಿ.

ಹನ್ನೆರಡರ ಗಂಟೆಗಳು ಮೂರೂ ಗೋಪುರಗಳಿಂದ ಮುಗಿದ ಮೇಲೆ ಅತ್ತೆ ಎದ್ದರು. ದಾರಿಯಲ್ಲಿ ಅಕ್ಕಸಾಲಿಗನ ಅಂಗಡಿ. ಅವನು ರಸ್ತೆಗೆ ಬಂದು ಆ ಕಡೆ ಈ ಕಡೆ ನೋಡುತ್ತಿದ್ದ. ಕಾರಿನ ಮೇಲೆ ಡೇರೆಯ ಸಾಮಾನು.

"ನಿಮ್ಮನೆ ಡಚ್ ಅಮ್ಮ ಬರ್ಲೇ ಇಲ್ವಲ್ಲ ಮೇಡಂ?"

"ಇವತ್ತು ಬರಲ್ಲ. ನೀವು ಹೊರಡಿ, ಹೆದ್ದಾರೀಲಿ ಟ್ರಾಫಿಕ್ ಶುರುವಾಗುತ್ತೆ."

ಅವನು ಸಂತೋಷದಿಂದ ಶಟರ್ ಎಳೆದ. ಆ ಶಬ್ದ ನನ್ನ ಬ್ಯಾಡ್ಜಿನ ಮೇಲೇ ಬಿದ್ದಂತಾಯಿತು.

*

ಎರಡು ಗಂಟೆ. ಮುಂದಿನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ದೌವ ಕೈಯಲ್ಲಿ ಫೋನ್ ಹಿಡಿದೇ ಕೂತಿದ್ದರು. ಫ್ರೌಕ್ಯರ ಕಣ್ಣು ಊದಿತ್ತು. ಯೊರಿತ್ ಕಿಟಕಿಯ ಬಳಿ, ಹಿಲ್ಟ್ಯ ಬಾಗಿಲ ಬಳಿ.

ಅತ್ತೆ ಒಳಗೆ ಬಂದು ಮೇಜಿನ ಮೇಲೆ ಒಂದು ಶೂ ಇಟ್ಟರು. ಕಂದು ಬಣ್ಣದ್ದು. ಎಡಗಾಲಿನದು. ಬಾಯಿತುಂಬ ಪೇಪರ್.

"ಇದೇನು?" ಎಂದರು ದೌವ.

"ಇದೇ ನಿಮ್ಮ ಕಳ್ಳತನ," ಎಂದರು ಅತ್ತೆ. "ಬೆಳಗ್ಗೆ ವಾನೆಸ್ ಇದನ್ನ ನೋಡಿ ನಕ್ಕ. ಡಚ್ಚರು ಪೇಪರ್ ಉಳಿಸ್ತಾರೆ ಅಂದ. ನಗೋ ಅವಸರದಲ್ಲಿ ನೋಡೋದು ಮರೆತ. ಜೊತೇಲಿ ಒಂದೇ ಶೂಗೆ ಯಾಕೆ ಪೇಪರ್ ತುರುಕ್ತಾರೆ?"



"ಒಂದೇ ಒದ್ದೆ ಆಗಿರೋದ್ರಿಂದ!" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

"ಹೂಂ. ಇದರ ಜೋಡಿ ಒಳಗೆಲ್ಲ ಒಣಗಿತ್ತು. ನಿನ್ನೆ ನೀವು ಹೋಗೋವಾಗ ಮಳೆ ಇಲ್ಲ, ಬರೋವಾಗ ಮಳೆ ಇಲ್ಲ. ನಡುವೆ ಸುರೀತು. ಆ ಹೊತ್ತಿಗೆ ಗಾಜು ತಗೊಂಡಿದ್ದೋರ ಬಲಗಾಲಿನ ಶೂ ಎಲ್ಲಿತ್ತು?"

"ಬುಟ್ಟೀಲಿ," ಎಂದರು ಯೊರಿತ್.

"ಅದಕ್ಕೇ ಅದು ಒಣಗಿದೆ. ಎಡಗಾಲಿಂದು ಮಾತ್ರ ಮಳೇಲಿ ನಡೀತು. ಬಲಗಾಲಿಗೆ ಏನು ಮಾಡಿದ್ರು? ಟಾಯ್ಲೆಟ್ ದಾರೀಲಿ ಮರದ ಎಕ್ಕಡ ಇದೆ. ಹಿಂದಿನ ಬಾಗಿಲಿಗೆ ಬರೀ ಚಿಲಕ. ಮೊಳೇಲಿ ಫರ್ಮಿನ್ ರೇನ್‌ಕೋಟ್. ಒಂದು ಕಾಲಲ್ಲಿ ಎಕ್ಕಡ, ಒಂದು ಕಾಲಲ್ಲಿ ಶೂ. ಮೂರು ಓಣಿ ಹೋಗಿ, ನಿಮ್ಮ ನಿಮ್ಮ ಹತ್ರ ಇರೋ ಮುಂಬಾಗಿಲ ಕೀಯಿಂದ ಒಳಗೆ ಬಂದು, ಹಲಗೆ ಮೇಲಿನ ರೂಮ್ ಕೀ ತಗೊಂಡು ಕೆಲಸ ಮುಗಿಸಿ, ವಾಪಸ್. ವಾನೆಸ್ ಥರ ಎರ್ಡೂ ಕಾಲಲ್ಲಿ ಶೂ ಇದ್ದೋರಿಗೆ ಎರ್ಡೂ ಒದ್ದೆ ಆಗುತ್ತೆ. ಒಂದೇ ಒದ್ದೆ ಆಗೋದು ಕೊಕ್ಕರೆಗೆ ಮಾತ್ರ."

"ಬರೋವಾಗ ಗುಂಡೀಲಿ ಕಾಲಿಟ್ಟಿರ್ಬೋದಲ್ಲ?" ಎಂದರು ದೌವ. ಅವರ ದನಿ ಇಳಿದಿತ್ತು. ಆ ಶೂ ಯಾರದೆಂದು ಅವರಿಗೆ ಗೊತ್ತಿತ್ತು.

"ಇಟ್ಟಿರ್ಬೋದು. ಅದಕ್ಕೇ ಕೋಟ್ ನೋಡೋಕೆ ಹೋದೆ. ಕೋಟ್ ನೆಂದಿತ್ತು. ತೋಳು ಎರಡೂ ಮೇಲಕ್ಕೆ ಮಡಿಸಿತ್ತು. ನೀವೋ ಯೊರಿತ್ತೋ ಹಾಕಿದ್ರೆ ಮಡಿಸೋ ಹಾಗಿಲ್ಲ." ಅತ್ತೆ ಕಾಫಿ ಬಟ್ಟಲು ಎತ್ತಿಕೊಂಡರು. "ಇನ್ನೊಂದು. ಹುಡುಗ ತಗೊಂಡನಾ ಅಂದಾಗ ಎಲ್ರೂ ಹೌದು ಅಂದ್ರಿ, ಇಲ್ಲಾಂದ್ರೆ ಇರ್ಬೋದು ಅಂದ್ರಿ. ಅಲ್ಲ ಅಂತ ಖಾತ್ರಿಯಾಗಿ ಹೇಳಿದ್ದು ಒಬ್ರೇ. ಯಾರು ತಗೊಂಡಿದ್ದು ಅಂತ ಗೊತ್ತಿರೋರು ಮಾತ್ರ ಹಾಗೆ ಹೇಳೋಕಾಗೋದು. ಅಲ್ವಾ ಹಿಲ್ಟ್ಯ?"

ಹಿಲ್ಟ್ಯರ ಕಣ್ಣು ಮೇಜಿನ ಮೇಲಿದ್ದ ತಮ್ಮ ಶೂ ಮೇಲಿತ್ತು.

"ಪೇಪರ್," ಎಂದರು. "ಥೂ. ಯಾವಾಗ ತುರುಕಿದೆ ಅಂತಾನೇ ಗೊತ್ತಿಲ್ಲ."

"ಮಳೆ ಊರಲ್ಲಿ ಹುಟ್ಟಿದೋರು ನಾವು. ಶೂ ಒದ್ದೆ ಆದ್ರೆ ಕೈ ತಾನಾಗೇ ಪೇಪರ್‌ಗೆ ಹೋಗುತ್ತೆ," ಎಂದರು ಅತ್ತೆ. "ನೀವು ತಲೆಪಟ್ಟಿ ಬಗ್ಗೆ ಎಲ್ಲಾ ಯೋಚನೆ ಮಾಡಿದ್ರಿ. ಶೂ ಬಗ್ಗೆ ಯೋಚನೆ ಮಾಡೋ ಅಭ್ಯಾಸಾನೇ ನಮಗಿಲ್ಲ."

"ನೀನಾ?" ದೌವ ಎದ್ದು ನಿಂತಿದ್ದರು. "ನಮ್ಮ ಅರ್ಧ ನಮಗೆ ಬರ್ತಿತ್ತಲ್ಲೇ! ಯಾಕೆ?"

"ಯಾರಿಗೆ ಬೇಕು ಅರ್ಧ?" ಹಿಲ್ಟ್ಯರ ದನಿ ಏರಲಿಲ್ಲ. "ನೀವಿಬ್ರು ಕೂತ್ಕೊಂಡು ಅರ್ಧ ನಿಂಗೆ ಅರ್ಧ ನಂಗೆ ಅಂತ ಹಂಚ್ಕೊಂಡ್ರಿ. ನಿಮ್ಮಮ್ಮ ಅದನ್ನ ಕೈಯಾರೆ ನನ್ನ ತಲೆ ಮೇಲೆ ಇಟ್ಳು. ತಣ್ಣಗಿತ್ತು. ಸ್ವಲ್ಪ ತಾಳು, ನಿನ್ನ ಬಿಸಿಗೆ ಬೆಚ್ಚಗಾಗುತ್ತೆ ಅಂದ್ಳು. ನಿಮ್ಮಿಬ್ರಲ್ಲಿ ಅದನ್ನ ಹಾಕ್ಕೊಂಡು ನೋಡಿರೋರು ಯಾರಿದೀರಾ?"

"ನಿಂಗೆ ಇಷ್ಟ ಇಲ್ಲ ಅಂತ ಹೇಳ್ಬಹುದಿತ್ತಲ್ಲ," ಎಂದರು ಫ್ರೌಕ್ಯ.

"ನೀವು ಕೇಳಿದ್ರಾ ಅತ್ತಿಗೆ?"



ಹಿಲ್ಟ್ಯ ನನ್ನ ಕಡೆ ತಿರುಗಿದರು. "ಅಕ್ಕಸಾಲಿಗ ಹೋಗ್ಲಿ ಅಂತ ಕಾಯ್ತಿದ್ದೆ ಕಣಪ್ಪ. ಪೊಲೀಸ್ ಬರೋಕೆ ಬಿಡ್ತಿರ್ಲಿಲ್ಲ. ಎರಡು ಗಂಟೆಗೆ ನಾನೇ ಹೇಳೋಳಿದ್ದೆ."

"ಎಲ್ಲಿಟ್ಟಿದೀರಾ?" ಎಂದೆ. ಬೇರೆ ಡೈಲಾಗು ಹೊಳೆಯಲಿಲ್ಲ.

"ಅದಕ್ಕೆ ಅಂತ ಮಾಡಿರೋ ಜಾಗದಲ್ಲೇ."

ಅವರು ಮೆಟ್ಟಿಲು ಹತ್ತಿದರು, ನಾವು ಹಿಂದೆ. ತಿರುವಿನಲ್ಲಿ ನಿಂತು, ತಾತನ ಗಾರೆಯ ತಲೆಯಿಂದ ನೀಲಿ-ಬಿಳಿ ಟೋಪಿ ಎತ್ತಿದರು. ಕಿಟಕಿಯ ಬೆಳಕು ಚಿನ್ನದ ಮೇಲೆ ಬಿತ್ತು. ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ಬೆಳಗ್ಗೆಯಿಂದ ನಾವೆಲ್ಲ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೆವು. ಅವತ್ತೊಂದು ದಿನ ನಾನು ಎಂದಿನಂತೆ ತಾತನಿಗೆ ತಟ್ಟಿದ್ದರೆ ಟಣ್ ಎನ್ನುತ್ತಿತ್ತು; ಕಥೆ ತಿಂಡಿಯ ಮೇಜಿನಲ್ಲೇ ಮುಗಿಯುತ್ತಿತ್ತು.

ದೌವ ಫೋನನ್ನು ಜೇಬಿಗಿಟ್ಟರು. "ಮುಂದಿನ ತಿಂಗಳು ಬೇರೆ ಅಕ್ಕಸಾಲಿಗನ್ನ…"

"ಬೇಡ," ಎಂದರು ಫ್ರೌಕ್ಯ. ತಲೆಪಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ, ಅಲ್ಲೇ ಮೆಟ್ಟಿಲ ಮೇಲೆ, ಹಿಲ್ಟ್ಯರ ತಲೆಗೆ ಇಟ್ಟರು. ಸ್ವಲ್ಪ ವಾರೆಯಾಯಿತು. ಸರಿಮಾಡಿದರು. "ಗರಗಸ ಬೇಡ ದೌವ. ಆರು ತಿಂಗಳು ನಿಮ್ಮನೇಲಿ, ಆರು ತಿಂಗಳು ನಮ್ಮನೇಲಿ."

"ಸರಿಯಾಗಿ ಆರು?" ಎಂದರು ದೌವ.

"ಸರಿಯಾಗಿ ಆರು."

ಡಚ್ಚರು! ಹೇಗಾದರೂ ಅರ್ಧ ಮಾಡಿಯೇ ಬಿಟ್ಟರು.

ದೌವ ನನ್ನ ಹತ್ತಿರ ಬಂದರು. "ತಮ್ಮಾ… ತಪ್ಪಾಯ್ತು." ಕೈ ಕೊಟ್ಟರು. ಕೈ ನೋಯುವಷ್ಟು ಕುಲುಕಿದರು.

ಸಂಜೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೇಳಿದೆ. "ಅತ್ತೆ, ಶೂ ನೋಡಿದಾಗ್ಲೇ ನಿಮಗೆ ಗೊತ್ತಾಗಿತ್ತು ಅಲ್ವಾ?"

"ಮುಕ್ಕಾಲು ಪಾಲು. ಉಳಿದಿದ್ದು ಕೋಟ್ ನೋಡಿ."

"ಹನ್ನೊಂದಕ್ಕೇ ಹೇಳ್ಬಹುದಿತ್ತು!"

"ಹನ್ನೊಂದಕ್ಕೆ ಹೇಳಿದ್ರೆ ಹನ್ನೆರಡಕ್ಕೆ ಗರಗಸ."

"ನನಗಾದ್ರೂ ಹೇಳ್ಬಾರ್ದಿತ್ತಾ? ಮೂರು ಗಂಟೆ ಹೊತ್ತು ಬೇಯಿಸಿದ್ರಲ್ಲ ನನ್ನನ್ನ!"

"ಒಂದು ಸಲ್ಯೂಟ್‌ಗೆ ಒಂದು ಗಂಟೆ," ಎಂದರು ಅತ್ತೆ. "ಸಿಪ್ಪೆ ತೆಳ್ಳಗೆ ತೆಗಿ."

ಭಾನುವಾರ ಅವರನ್ನು ರೈಲಿಗೆ ಬಿಟ್ಟು ಬಂದ ಅತ್ತೆ ನನ್ನನ್ನು ಎಬ್ಬಿಸಿದರು. ಹನ್ನೊಂದರ ದೋಣಿ ನನ್ನದು. ಕೋಟಿಗೆ ಬ್ಯಾಡ್ಜು ಸಿಕ್ಕಿಸಿ, ಅವಸರದಲ್ಲಿ ಶೂಗೆ ಕಾಲು ಹಾಕಿದರೆ ಎಡಗಾಲು ಒಳಗೆ ಹೋಗಲೊಲ್ಲದು. ಬಾಯಿತುಂಬ ಪೇಪರ್. ಶೂ ಒಣಗೇ ಇತ್ತು. ಎಳೆದು ತೆಗೆದೆ. ಉಂಡೆಯೊಳಗೆ, ಸ್ವಲ್ಪವೂ ಮುರಿಯದೆ, ಒಂದು ಹಿಡಿ ನೇರಳೆ ಮೂಗುಗಳು.

ಬಲಗಾಲಿನ ಶೂ ನೋಡಿದೆ. ಖಾಲಿ.